ಸುಮ್ಮನೆ ನೋಡಲಿಕ್ಕೆ

ಹೆಂಗಸರು ಮನೆಯಿಂದ ಹೊರಗೆ ಹೊರಡಬೇಕಾದರೆ ಒಂದು ಕಾರಣ ಬೇಕು. ತರಕಾರಿ ತರಲಿಕ್ಕೆ, ಮಗುವನ್ನು ಶಾಲೆಯಿಂದ ಕರೆತರಲಿಕ್ಕೆ, ರವಿಕೆ ಹೊಲಿಯಲು ಕೊಡಲಿಕ್ಕೆ, ಕರೆಂಟು ಬಿಲ್ಲು ಕಟ್ಟಲಿಕ್ಕೆ, ಆಸ್ಪತ್ರೆಗೆ, ದೇವಸ್ಥಾನಕ್ಕೆ, ಯಾರದೋ ಮನೆಯ ಅರಸಿನ ಕುಂಕುಮಕ್ಕೆ. ಗೇಟಿನ ಚಿಲಕ ಸದ್ದಾದೊಡನೆ ಪಕ್ಕದ ಮನೆಯ ಕಿಟಕಿಯಿಂದ ‘ಎಲ್ಲಿಗೆ ಹೊರಟದ್ದು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೆ ಉತ್ತರ ಮಾತ್ರ ಇರಲೇಬೇಕು. ‘ಸುಮ್ಮನೆ’ ಎಂದರೆ ಅದು ಉತ್ತರವೆಂದು ಯಾರೂ ಒಪ್ಪುವುದಿಲ್ಲ. ಗಂಡಸರು ಬೀಡಾ ಅಂಗಡಿಯ ಮುಂದೆ ಅರ್ಧ ಗಂಟೆ ಸುಮ್ಮನೆ ನಿಲ್ಲಬಹುದು, ಸೇತುವೆಯ ಕಟ್ಟೆಯ ಮೇಲೆ ಕೂತು ಹೋಗಿಬರುವ ಲಾರಿಗಳನ್ನು ಎಣಿಸಬಹುದು. ಹೆಣ್ಣೊಬ್ಬಳು ಹಾಗೆ ನಿಂತರೆ ಎರಡು ನಿಮಿಷದೊಳಗೆ ಯಾರಾದರೂ ಬಂದು ‘ಬಸ್ಸು ತಪ್ಪಿತಾ?’ ಎಂದು ವಿಚಾರಿಸುತ್ತಾರೆ. ವಿಚಾರಿಸದೆ ಬರೀ ನೋಡುತ್ತ ನಿಂತರೆ ಇನ್ನೂ ಕಷ್ಟ.

ಅದಕ್ಕೇ ನಾವು ಕೈಯಲ್ಲೊಂದು ಚೀಲ ಹಿಡಿದು ಹೊರಡುವುದು. ಚೀಲವಿದ್ದರೆ ಪ್ರಶ್ನೆ ಅರ್ಧ ಕಮ್ಮಿಯಾಗುತ್ತದೆ. ಬರಿಗೈಯಲ್ಲಿ, ಒಬ್ಬಳೇ, ಯಾವ ಕೆಲಸವೂ ಇಲ್ಲದೆ ಹೋಗಿ, ಎಷ್ಟು ಹೊತ್ತು ಬೇಕಾದರೂ ನಿಂತು, ಕಣ್ಣು ತುಂಬ ನೋಡಿ ಬರಬಹುದಾದ ಜಾಗ ನಮ್ಮ ಪಾಲಿಗೆ ಊರಿನಲ್ಲಿ ಯಾವುದಿದೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ನಾನು ಲೆಕ್ಕ ಹಾಕಿದಾಗ ಸಿಕ್ಕಿದ್ದು ಒಂದೇ ಒಂದು: ಮ್ಯೂಸಿಯಂ.

1994ರಲ್ಲಿ ಮದುವೆಯಾಗಿ ನಾನು ಮಂಗಳೂರಿನ ಕಡೆಯಿಂದ ಮದರಾಸಿಗೆ ಬಂದೆ. ಆ ಊರಿಗೆ ಚೆನ್ನೈ ಎಂಬ ಹೆಸರು ಅಧಿಕೃತವಾದದ್ದು ಎರಡು ವರ್ಷಗಳ ನಂತರ. ಭಾಷೆ ಬಾರದ ಊರು. ಬೆಳಗ್ಗೆ ಎಂಟೂವರೆಗೆ ಗಂಡ ಕೆಲಸಕ್ಕೆ ಹೊರಟರೆ ಸಂಜೆಯವರೆಗೆ ಮನೆಯ ನಾಲ್ಕು ಗೋಡೆಗಳು ಮತ್ತು ನಾನು. ಎದುರುಮನೆಯ ಮಾಮಿಯೊಬ್ಬರು ಮಾತ್ರ ಕೈಸನ್ನೆ, ಬಾಯಿಸನ್ನೆಯಲ್ಲಿ ನನಗೆ ತಮಿಳು ಕಲಿಸುತ್ತಿದ್ದರು. ಒಂದು ದಿನ ಎಗ್ಮೋರಿನ ಪ್ಯಾಂಥಿಯನ್ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ಕಂಡ ಕೆಂಪು ಕಟ್ಟಡಗಳು ಯಾವುವೆಂದು ಅವರನ್ನು ಕೇಳಿದೆ. ‘ಅದಾ? ಸೆತ್ತ ಕಾಲೇಜ್!’ ಎಂದು ನಕ್ಕರು. ಸೆತ್ತ ಎಂದರೆ ಸತ್ತ. ಸತ್ತವರ ಕಾಲೇಜೇ? ನನಗೆ ಮೊದಲು ಗಾಬರಿಯೇ ಆಯಿತು. ಹಳಬರು ಮ್ಯೂಸಿಯಮ್ಮನ್ನು ಕರೆಯುತ್ತಿದ್ದದ್ದು ಹಾಗೆ ಎಂದು ಆಮೇಲೆ ತಿಳಿಯಿತು. ಅಲ್ಲಿ ಸತ್ತ ಪ್ರಾಣಿಗಳಿದ್ದವು, ಅದು ಸೆತ್ತ ಕಾಲೇಜು. ಮೃಗಾಲಯದಲ್ಲಿ ಜೀವವಿದ್ದ ಪ್ರಾಣಿಗಳಿದ್ದವು, ಅದು ಉಯಿರ್ ಕಾಲೇಜು, ಅಂದರೆ ಜೀವದ ಕಾಲೇಜು. ಅಕ್ಷರ ಬಾರದ ಜನರೂ ಹೋಗಿ ಕಲಿಯಬಹುದಾಗಿದ್ದ ಎರಡೇ ಕಾಲೇಜುಗಳು ಅವು ಎಂದು ಯೋಚಿಸಿದರೆ, ಆ ಹೆಸರಿಟ್ಟವರ ಬುದ್ಧಿಗೆ ಕೈಮುಗಿಯಬೇಕು ಅನ್ನಿಸುತ್ತದೆ.

ಎರಡೂ ಕಾಲೇಜುಗಳಿಗೆ ಮೂಲಪುರುಷ ಒಬ್ಬನೇ. ಎಡ್ವರ್ಡ್ ಬಾಲ್ಫರ್ ಎಂಬ ಸೇನಾ ವೈದ್ಯ. 1851ರಲ್ಲಿ ಮ್ಯೂಸಿಯಂ ಶುರುವಾದಾಗ ಅಲ್ಲಿದ್ದದ್ದು ಹೆಚ್ಚಾಗಿ ಕಲ್ಲುಗಳು, ಭೂಗರ್ಭದ ಮಾದರಿಗಳು. ಮೂರು ವರ್ಷಗಳ ನಂತರ ಅದು ಪ್ಯಾಂಥಿಯನ್ನಿಗೆ ಬಂತು. ಒಂದು ಕಾಲದಲ್ಲಿ ದೊರೆಗಳು, ದೊರೆಸಾನಿಯರು ಕುಣಿದು, ಉಂಡು, ನಾಟಕವಾಡುತ್ತಿದ್ದ ಜಾಗ ಅದು. ಬಾಲ್ಫರ್ ಅದೇ ಆವರಣದಲ್ಲಿ ಹುಲಿ, ಚಿರತೆ ಕಟ್ಟಿ ಸಾಕಿದ. ಹುಲಿ ನೋಡಲು ಬಂದವರು ಹಾಗೇ ಒಳಗೆ ಹೋಗಿ ಕಲ್ಲನ್ನೂ ನೋಡಿದರು. ಮಗುವಿಗೆ ಬೆಲ್ಲ ತೋರಿಸಿ ಕಷಾಯ ಕುಡಿಸುವ ನಮ್ಮ ಉಪಾಯವೇ ಅದೂ. ಆಮೇಲೆ ಆ ಪ್ರಾಣಿಗಳು ಅಲ್ಲಿಂದ ಸೆಂಟ್ರಲ್ ಸ್ಟೇಷನ್ನಿನ ಬಳಿಯ ಪೀಪಲ್ಸ್ ಪಾರ್ಕಿಗೆ ಹೋದವು, 1985ರಲ್ಲಿ ಮೃಗಾಲಯ ವಂಡಲೂರಿಗೆ ಹೋಯಿತು. ಬೆಂಗಳೂರಿನ ಸರಕಾರಿ ಮ್ಯೂಸಿಯಂ 1865ರಲ್ಲಿ ಆರಂಭವಾದದ್ದೂ ಇದೇ ಬಾಲ್ಫರನ ಆಸಕ್ತಿಯಿಂದ. ಆತನ ಇನ್ನೊಂದು ಕೆಲಸವನ್ನು ನಾವು ಹೆಂಗಸರು ನೆನೆಯಬೇಕು. ಹೆರಿಗೆ ಮಾಡಿಸುವ ವಿದ್ಯೆಯ ಕುರಿತ ಒಂದು ಇಂಗ್ಲಿಷ್ ಪುಸ್ತಕವನ್ನು ಆತ ಹಿಂದುಸ್ತಾನಿಗೆ ತಂದ. ತಮಿಳು, ತೆಲುಗು, ಕನ್ನಡಕ್ಕೆ ಅನುವಾದ ಮಾಡಿಸಿ ಸ್ವಂತ ದುಡ್ಡಿನಿಂದ ಅಚ್ಚು ಹಾಕಿಸಿದ. 1875ರಲ್ಲಿ ಮದರಾಸು ವೈದ್ಯಕೀಯ ಕಾಲೇಜು ಮೇರಿ ಶಾರ್ಲೀಬ್ ಮತ್ತು ಇನ್ನು ಮೂವರು ಹೆಂಗಸರನ್ನು ಸೇರಿಸಿಕೊಂಡಾಗ ಅವರ ಬೆಂಬಲಕ್ಕೆ ನಿಂತವರಲ್ಲಿ ಬಾಲ್ಫರನೂ ಒಬ್ಬ.

ಮೊದಲ ಸಲ ನಾನು ಒಳಗೆ ಹೋದದ್ದು ಬಿಸಿಲಿಗೆ ಹೆದರಿ. ಆಮೇಲೆ ಶುಕ್ರವಾರದ ರಜೆ ಬಿಟ್ಟು ವಾರದ ಯಾವ ದಿನವಾದರೂ ಹೋಗುವುದು ರೂಢಿಯಾಯಿತು. ಟಿಕೆಟ್ ಕೊಟ್ಟವರು ಯಾಕೆ ಬಂದಿರಿ ಎಂದು ಕೇಳಲಿಲ್ಲ. ಒಂದೇ ಆವರಣದಲ್ಲಿ ಅಲ್ಲಿ ದೇವರೂ ಇದ್ದಾರೆ, ಪ್ರಾಣಿಗಳೂ ಇವೆ. ಈ ಕಟ್ಟಡದಲ್ಲಿ ನಟರಾಜ, ಆ ಕಟ್ಟಡದಲ್ಲಿ ಮೊಸಳೆ. ಅತ್ತ ಅಮರಾವತಿಯ ಬುದ್ಧನ ಕಥೆಗಳು, ಇತ್ತ ಸೀಸೆಯೊಳಗೆ ಬಿಳಿಚಿಕೊಂಡ ಹಾವು. ಮೊದಮೊದಲು ಇದೇನು ಕಲಸುಮೇಲೋಗರ ಎನ್ನಿಸಿತ್ತು. ನಾಲ್ಕು ಸಲ ಹೋದ ಮೇಲೆ ಹೊಳೆಯಿತು: ಇವೆಲ್ಲ ತಮ್ಮ ತಮ್ಮ ಮನೆ ಬಿಟ್ಟು ಬಂದವು. ಕಾಡು ಬಿಟ್ಟು ಬಂದವು, ಗರ್ಭಗುಡಿ ಬಿಟ್ಟು ಬಂದವು, ಸಮುದ್ರ ಬಿಟ್ಟು ಬಂದವು. ಬಂದ ಕಡೆ ಒಗ್ಗಿಕೊಂಡು ನಿಂತಿವೆ. ಹೊಸತಾಗಿ ಗಂಡನ ಮನೆಗೆ ಬಂದವಳಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ತುಪ್ಪಳದ ಪ್ರಾಣಿಗಳನ್ನು ಕಂಡಾಗ ನನಗೆ ಮೊದಲು ನೆನಪಾದದ್ದು ನಮ್ಮ ಮನೆಯ ಟ್ರಂಕಿನೊಳಗಿನ ಉಣ್ಣೆಯ ಶಾಲು. ನುಸಿಗುಳಿಗೆಯ ವಾಸನೆ, ಹುಳ ಬಿದ್ದೀತು ಎಂಬ ಭಯ. ಪ್ರಾಣಿಯ ಚರ್ಮ ಒಂದೇ ನಿಜ, ಒಳಗಿನದೆಲ್ಲ ಮನುಷ್ಯ ತುಂಬಿಸಿದ್ದು, ಕಣ್ಣೂ ಗಾಜಿನದು. ಸಮುದ್ರದ ಗಾಳಿಯ ಊರಿನಲ್ಲಿ ತೇವ ತಾಗದ ಹಾಗೆ, ಧೂಳು ಕೂರದ ಹಾಗೆ, ಹುಳ ಮುಟ್ಟದ ಹಾಗೆ ಒಂದು ಹುಲಿಯನ್ನು ಇಟ್ಟುಕೊಳ್ಳುವುದೆಂದರೆ ಸಾಮಾನ್ಯವೇ? ಮಳೆಗಾಲದಲ್ಲಿ ನಾಲ್ಕು ರೇಷ್ಮೆ ಸೀರೆಗಳಿಗೆ ಬೂಸಲು ಹಿಡಿಯದಂತೆ ಕಾಯುವವರಿಗೆ ಈ ಪಾಡು ಗೊತ್ತು. ಮ್ಯೂಸಿಯಂ ಎಂದರೆ ಒಂದು ದೊಡ್ಡ ಮನೆ. ಒರೆಸುವ ಕೆಲಸ ಅಲ್ಲೂ ಮುಗಿಯುವುದಿಲ್ಲ.

ನೋಡುವುದು ಒಂದಾದರೆ ನೋಡಿಸಿಕೊಳ್ಳುವುದು ಇನ್ನೊಂದು. ಈ ಮ್ಯೂಸಿಯಮ್ಮಿಗೆ 1885ರಲ್ಲಿ ಮುಖ್ಯಸ್ಥನಾಗಿ ಬಂದ ಎಡ್ಗರ್ ಥರ್ಸ್ಟನ್ ಎಂಬಾತನ ಕಥೆ ಓದಿದಾಗ ಈ ಮಾತು ನನ್ನ ಮನಸ್ಸಿಗೆ ನಾಟಿತು. ಎರಡು ದಶಕಕ್ಕೂ ಹೆಚ್ಚು ಕಾಲ ಅಲ್ಲಿದ್ದ ಆತ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಮೇಲೆ ಏಳು ಸಂಪುಟಗಳ ಪುಸ್ತಕ ಬರೆದ. 1909ರಲ್ಲಿ ಅದು ಪ್ರಕಟವಾಯಿತು. ಅಳತೆಯ ಉಪಕರಣ ಹಿಡಿದು ಜನರ ತಲೆ, ಮೂಗು ಅಳೆಯುವುದು ಆತನ ಹುಚ್ಚು. ಮೂಗಿನ ಉದ್ದಗಲದಿಂದ ಕುಲದ ಹಣೆಬರಹ ತಿಳಿಯುತ್ತದೆ ಎಂಬ ಆ ಕಾಲದ ನಂಬಿಕೆ ಎಂದೋ ಸುಳ್ಳಾಗಿ ಹೋಗಿದೆ. ಆತ ವಯನಾಡಿಗೆ ಹೋದಾಗ ಅಲ್ಲಿಯ ಪಣಿಯ ಹೆಂಗಸರು ಇವನನ್ನು ಕಂಡದ್ದೇ ಓಡಿಹೋದರಂತೆ. ಯಾಕೆ ಗೊತ್ತೇ? ತಮ್ಮಲ್ಲಿ ಚೆಂದ ಇದ್ದವರನ್ನು ಹಿಡಿದು, ಹೊಟ್ಟೆಯೊಳಗೆ ಹುಲ್ಲು ತುಂಬಿಸಿ, ಮದರಾಸಿನ ಮ್ಯೂಸಿಯಮ್ಮಿನಲ್ಲಿ ನಿಲ್ಲಿಸುತ್ತಾನೆ ಎಂದು! ಇದನ್ನು ಥರ್ಸ್ಟನ್ ತಾನೇ ತಮಾಷೆಯಾಗಿ ಬರೆದುಕೊಂಡಿದ್ದಾನೆ. ಹಾಗೆ ಮಾಡುವುದು ಸಾಧ್ಯವಿದ್ದಿದ್ದರೆ ತನ್ನ ಕೆಲಸ ಎಷ್ಟು ಸುಲಭವಾಗುತ್ತಿತ್ತು ಎಂಬ ಮಾತನ್ನೂ ಸೇರಿಸಿದ್ದಾನೆ.

ನನಗೆ ನಗು ಬರಲಿಲ್ಲ. ಕಾಡಿನ ಆ ಹೆಂಗಸರು ಮ್ಯೂಸಿಯಂ ಕಂಡವರಲ್ಲ, ಆದರೆ ಅದರ ಒಳಗುಟ್ಟು ಅವರಿಗೆ ತಿಳಿದಿತ್ತು. ಗಾಜಿನ ಆಚೆ ಯಾರು, ಈಚೆ ಯಾರು ಎಂಬುದನ್ನು ನಿರ್ಧರಿಸುವವರು ತಾವಲ್ಲ ಎಂಬ ಗುಟ್ಟು ಅದು. ಯಾರಾದರೂ ತಮ್ಮನ್ನು ಆ ದೃಷ್ಟಿಯಿಂದ ನೋಡುತ್ತಿದ್ದಾರೆ ಎಂದು ಗೊತ್ತಾಗಲು ಹೆಂಗಸಿಗೆ ಓದು ಬೇಕಾಗಿಲ್ಲ, ಬೆನ್ನೇ ಹೇಳುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ, ಹೆಣ್ಣು ನೋಡುವ ಶಾಸ್ತ್ರದಲ್ಲಿ, ಮದುವೆಮನೆಯಲ್ಲಿ ನಾವೆಲ್ಲ ಎಷ್ಟು ಸಲ ಗಾಜಿನ ಆಚೆ ನಿಂತವರಲ್ಲ!

ಚಿತ್ರಕಲೆಯ ವಿಭಾಗಕ್ಕೆಂದು ಇರುವ ಕಟ್ಟಡ ಬಹಳ ಚೆಂದ. 1906ರಲ್ಲಿ ಅದರ ಅಡಿಗಲ್ಲು ಬಿತ್ತು. ಕಟ್ಟಡದ ನಕ್ಷೆ ಹಾಕಿದ ಹೆನ್ರಿ ಇರ್ವಿನ್ ಎಂಬಾತನೇ ಮೈಸೂರಿನ ಅರಮನೆಯನ್ನೂ ವಿನ್ಯಾಸ ಮಾಡಿದವನು. ಈ ಮ್ಯೂಸಿಯಮ್ಮಿನ ಸಂಗ್ರಹದಲ್ಲಿ ರವಿವರ್ಮನ ಚಿತ್ರಗಳಿವೆ. ರವಿವರ್ಮನ ಹೆಂಗಸರನ್ನು ಕ್ಯಾಲೆಂಡರಿನಲ್ಲಿ ನೋಡುತ್ತಲೇ ನಾವು ಬೆಳೆದೆವು. ಅವರ ಸೀರೆಯ ಜರಿ ನೋಡಿ, ಬಳೆ ನೋಡಿ ಎಂದು ನಾವೇ ಒಬ್ಬರಿಗೊಬ್ಬರು ಹೇಳಿಕೊಂಡೆವು. ಅವರಲ್ಲಿ ಹಲವರ ಕಣ್ಣು ಚಿತ್ರದ ಹೊರಗೆ ಎಲ್ಲೋ ನೆಟ್ಟಿರುತ್ತದೆ. ಯಾರಿಗೋ ಕಾಯುತ್ತಿರುತ್ತಾರೆ. ಅವರು ನೋಡುತ್ತಿರುವುದು ಏನು ಎಂಬುದು ನಮಗೆ ಕಾಣಿಸುವುದಿಲ್ಲ, ಅವರು ಮಾತ್ರ ನಮಗೆ ಕಾಣಿಸುತ್ತಾರೆ.

ಅಮರಾವತಿಯ ಶಿಲ್ಪಗಳಲ್ಲಿ ಸಂಗತಿ ಬೇರೆ. ಆಂಧ್ರದ ಕೃಷ್ಣಾ ತೀರದ ಸ್ತೂಪದ ಕಲ್ಲುಗಳವು. ಒಂದಷ್ಟು ಲಂಡನ್ನಿಗೆ ಹೋದವು, ಒಂದಷ್ಟು ಇಲ್ಲಿ ಉಳಿದವು. ಅವುಗಳಲ್ಲಿ ಚಕ್ರದಂತೆ ದುಂಡಗಿನ ಒಂದು ಶಿಲ್ಪವಿದೆ. ಸುಮಾರು ಕ್ರಿಸ್ತಶಕ ಎರಡನೆಯ ಶತಮಾನದ್ದು. ಬುದ್ಧನನ್ನು ಕೊಲ್ಲಲು ನಳಗಿರಿ ಎಂಬ ಮದ್ದಾನೆಯನ್ನು ಬೀದಿಗೆ ಬಿಟ್ಟ ಕಥೆ. ಆನೆ ಸಿಕ್ಕವರನ್ನು ತುಳಿಯುತ್ತ, ಎಳೆದಾಡುತ್ತ ಬರುತ್ತದೆ. ಆಮೇಲೆ ಅದೇ ಆನೆ ಬುದ್ಧನ ಕಾಲಬುಡದಲ್ಲಿ ಮಂಡಿಯೂರುತ್ತದೆ. ಎಲ್ಲರೂ ಆನೆಯನ್ನು ನೋಡುತ್ತಾರೆ. ನಾನು ನೋಡುವುದು ಮೇಲೆ, ಕಿಟಕಿ ಮತ್ತು ಮಾಳಿಗೆಗಳ ಕಡೆ. ಅಲ್ಲಿ ಜನ ಇಣುಕಿ ಬೀದಿಯನ್ನು ನೋಡುತ್ತಿದ್ದಾರೆ. ಬೀದಿಯಲ್ಲಿ ಒಬ್ಬಾಕೆ ಬೆದರಿ ಪಕ್ಕದವನನ್ನು ಅವಚಿಕೊಂಡಿದ್ದಾಳೆ. ಹತ್ತೊಂಬತ್ತು ಶತಮಾನಗಳ ಹಿಂದಿನ ಶಿಲ್ಪಿಗೆ, ಬೀದಿಯಲ್ಲಿ ಏನಾದರೂ ಗದ್ದಲವಾದರೆ ಮನೆಯ ಕಿಟಕಿಗಳು ತುಂಬಿಕೊಳ್ಳುತ್ತವೆ ಎಂಬುದು ತಿಳಿದಿತ್ತು. ಒಲೆಯ ಮೇಲೆ ಹಾಲಿಟ್ಟು ಕಿಟಕಿಗೆ ಓಡಿಬರುವ ನಾವು ಆ ಕಲ್ಲಿನ ಜನರ ನೇರ ವಂಶದವರು.

ಕಿಟಕಿಯಿಂದ ಇಣುಕುವುದು ಬೇರೆ, ಬಾಗಿಲಿನಿಂದ ನಡೆದುಬಂದು ನೋಡುವುದು ಬೇರೆ. ಹಿಂದೆ ನಮ್ಮ ದೇಶದ ಹಲವು ಮ್ಯೂಸಿಯಮ್ಮುಗಳು ಗೋಷಾ ಹೆಂಗಸರಿಗೆಂದೇ ದಿನ ಮೀಸಲಿಡುತ್ತಿದ್ದವು. ಮದರಾಸಿನಲ್ಲೂ ಆ ಪದ್ಧತಿ ಇತ್ತು. ಆ ಹೊತ್ತಿಗೆ ಗಂಡಸರಿಗೆ ಪ್ರವೇಶವಿಲ್ಲ. ಪರದೆ ಕಟ್ಟಿದ ಗಾಡಿಗಳು ಗೇಟಿನೊಳಗೆ ಬಂದು ನಿಂತದ್ದು, ಒಳಗೆ ಹೋದ ಮೇಲೆ ಮುಖದ ಬಟ್ಟೆ ಸರಿದದ್ದು, ‘ಅಯ್ಯೋ, ಇಲ್ಲಿ ನೋಡೇ’ ಎಂದು ಒಬ್ಬಳು ಇನ್ನೊಬ್ಬಳ ಕೈ ಜಗ್ಗಿದ್ದು, ಇವನ್ನೆಲ್ಲ ನಾನು ಊಹಿಸಿಕೊಳ್ಳುತ್ತೇನೆ. ಜೀವಮಾನವಿಡೀ ಯಾರ ಕಣ್ಣಿಗೂ ಬೀಳಬಾರದು ಎಂದು ಬೆಳೆದವರು, ತಾವೇ ಕಣ್ಣು ಬಿಟ್ಟು ನೋಡಲು ಸಿಕ್ಕಿದ ಒಂದು ಹೊತ್ತು. ಮನೆಗೆ ಹಿಂತಿರುಗಿದ ಮೇಲೆ ಎಷ್ಟು ದಿನ ಅದೇ ಮಾತು ನಡೆದಿರಬೇಕು!

2009ರಲ್ಲಿ ನನ್ನ ಅಮ್ಮ ಚೆನ್ನೈಗೆ ಬಂದರು, ಕಣ್ಣಿನ ಪೊರೆ ತೆಗೆಸಲು. ಊರಿನಲ್ಲಿ ಅವರಿಗೆ ಸುಮ್ಮನೆ ಕೂತು ಗೊತ್ತೇ ಇಲ್ಲ. ಕೂತರೆ ಕೈಯಲ್ಲಿ ಹೂವೋ, ಹಲಸಿನ ಬೀಜವೋ, ಕಡ್ಡಿ ಕೀಳಬೇಕಾದ ತೆಂಗಿನ ಗರಿಯೋ ಇರಲೇಬೇಕು. ಅವರು ನೋಡಿದ್ದೆಲ್ಲ ಕೆಲಸದ ನೋಟ. ಅಕ್ಕಿ ನೋಡಿದರೆ ಕಲ್ಲು, ಆಕಾಶ ನೋಡಿದರೆ ಅಂಗಳದ ಅಡಿಕೆಗೆ ಮಳೆ, ದನ ನೋಡಿದರೆ ಹಾಲು. ಶಸ್ತ್ರಚಿಕಿತ್ಸೆಯಾದ ಮೇಲೆ ಡಾಕ್ಟರು ಒಂದು ಪಟ್ಟಿಯನ್ನೇ ಹೇಳಿದರು: ಬಗ್ಗಬಾರದು, ಭಾರ ಎತ್ತಬಾರದು, ತಲೆಗೆ ನೀರು ಹಾಕಬಾರದು, ಒಲೆಯ ಮುಂದೆ ನಿಲ್ಲಬಾರದು. ಅರುವತ್ತೆಂಟು ವರ್ಷದಲ್ಲಿ ಮೊದಲ ಸಲ ಅಮ್ಮನಿಗೆ ಕಣ್ಣಿತ್ತು, ಕೆಲಸವಿರಲಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಬಾಲ್ಕನಿಯಲ್ಲಿ ಕೂತು ಚಡಪಡಿಸುತ್ತಿದ್ದರು. ತಿಂಗಳು ಕಳೆದು, ಡಾಕ್ಟರು ಕಣ್ಣು ಪರೀಕ್ಷಿಸಿ ಇನ್ನು ತೊಂದರೆಯಿಲ್ಲವೆಂದ ದಿನ ನಾನು ಆಟೋವನ್ನು ಮನೆಯ ಕಡೆ ತಿರುಗಿಸದೆ ಪ್ಯಾಂಥಿಯನ್ ರಸ್ತೆಗೆ ಬಿಡಿಸಿದೆ.

‘ಇಲ್ಲಿ ಎಂತ ಕೆಲಸ ಉಂಟು?’ ಎಂದರು ಅಮ್ಮ.

‘ಎಂತದೂ ಇಲ್ಲ. ನೋಡ್ಲಿಕ್ಕೆ.’

ಕಂಚಿನ ಮೂರ್ತಿಗಳ ಕಟ್ಟಡದ ಬಾಗಿಲಲ್ಲಿ ಅಮ್ಮ ಚಪ್ಪಲಿ ಕಳಚಿದರು. ಕಾವಲಿಗಿದ್ದ ಹೆಂಗಸು ಬೇಡಮ್ಮ ಎಂದರೂ ಕೇಳಲಿಲ್ಲ. ಒಳಗೆ ಚೋಳರ ಕಾಲದ ದೇವದೇವಿಯರು. ನಟರಾಜ, ತಿರುವೆಣ್ಕಾಡಿನ ಅರ್ಧನಾರೀಶ್ವರ, ಪಾರ್ವತಿ. ಇವರಲ್ಲಿ ಹಲವರು ಮಣ್ಣಿನೊಳಗಿನಿಂದ ಎದ್ದು ಬಂದವರು. ಎಂದೋ ಅಪಾಯದ ಕಾಲದಲ್ಲಿ ಮೂರ್ತಿಗಳನ್ನು ಹೂತಿಟ್ಟರು; ಹೂತ ಜಾಗ ಬಲ್ಲವರು ತೀರಿಹೋದರು; ನೂರಾರು ವರ್ಷಗಳ ನಂತರ ಹೊಲ ಉಳುವಾಗ, ಅಡಿಪಾಯ ತೋಡುವಾಗ ದೇವರು ಸಿಕ್ಕಿದರು. ನೆಲದೊಳಗೆ ಸಿಕ್ಕಿದ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕೆಂಬ 1878ರ ಕಾನೂನಿನಿಂದಾಗಿ ಇಲ್ಲಿಗೆ ಬಂದವರು ಅನೇಕರು. ಮೇಣದಲ್ಲಿ ಮೂರ್ತಿ ಮಾಡಿ, ಮೇಲೆ ಮಣ್ಣು ಮೆತ್ತಿ, ಕಾಸಿ ಮೇಣವನ್ನು ಹರಿಸಿ, ಆ ಟೊಳ್ಳಿಗೆ ಕರಗಿದ ಲೋಹ ಹೊಯ್ದು, ಮಣ್ಣಿನ ಅಚ್ಚು ಒಡೆದು ತೆಗೆದ ಮೂರ್ತಿಗಳಿವು. ಅಚ್ಚು ಒಡೆದ ಮೇಲೆ ಅಂಥದ್ದೇ ಇನ್ನೊಂದು ಬರುವುದಿಲ್ಲ.

ಅಮ್ಮನಿಗೆ ಮೊದಲು ಕಂಡದ್ದು ಬೇರೆಯೇ. ‘ಸೀರೆ ಉಡಿಸದೆ ನಿಲ್ಲಿಸಿದ್ದಾರಲ್ಲ ಮಾರಾಯ್ತಿ’ ಎಂದು ಸಂಕಟಪಟ್ಟರು. ಹೌದು, ದೇವಸ್ಥಾನದಲ್ಲಿ ಉತ್ಸವಮೂರ್ತಿಗೆ ರೇಷ್ಮೆ, ಹೂ, ಆಭರಣ. ಅವುಗಳ ನಡುವೆ ನಮಗೆ ಮುಖವೊಂದೇ ಕಾಣುವುದು. ಅದೂ ಎಷ್ಟು ಹೊತ್ತು? ಮಂಗಳಾರತಿಯ ಬೆಳಕು ಬೀಳುವಷ್ಟು ಹೊತ್ತು. ಹಿಂದಿನಿಂದ ‘ನಡೀರಿ, ನಡೀರಿ’ ಎಂಬ ಕೂಗು. ಇಲ್ಲಿ ಯಾರೂ ದೂಡುವವರಿಲ್ಲ. ಅಮ್ಮ ಕೈಮುಗಿದರು, ಕಣ್ಣಿಗೊತ್ತಿಕೊಂಡರು. ಆಮೇಲೆ ಮೆಲ್ಲಗೆ ಪಾರ್ವತಿಯ ಸುತ್ತ ಬರತೊಡಗಿದರು. ಪ್ರದಕ್ಷಿಣೆ ಎಂದುಕೊಂಡೇ ಹೊರಟಿರಬೇಕು. ಅರ್ಧ ಸುತ್ತಿನಲ್ಲಿ ಹಾಗೇ ನಿಂತುಬಿಟ್ಟರು.

‘ಇಲ್ಲಿ ಬಾ. ದೇವಿಯ ಬೆನ್ನು ನೋಡಿದ್ದೀಯಾ?’

ನಾನೂ ನೋಡಿರಲಿಲ್ಲ. ಅಷ್ಟು ಸಲ ಬಂದರೂ ಎದುರಿನಿಂದಲೇ ನೋಡಿ ಮುಂದೆ ಹೋಗುತ್ತಿದ್ದೆ. ಬೆನ್ನಿನ ನಡುವಿನ ಸಣ್ಣ ತಗ್ಗು, ಇಳಿಬಿದ್ದ ಕೂದಲು, ಆಭರಣ ಕಟ್ಟಿದ ಗಂಟು, ನಡುವಿನ ಬಟ್ಟೆಯ ನೆರಿಗೆ, ಯಾವುದನ್ನೂ ಆ ಶಿಲ್ಪಿ ಅರ್ಧಕ್ಕೆ ಬಿಟ್ಟಿರಲಿಲ್ಲ. ಗರ್ಭಗುಡಿಗೆ ಹೋದ ಮೇಲೆ, ಸೀರೆ ಉಡಿಸಿದ ಮೇಲೆ, ಇದನ್ನು ಯಾರು ನೋಡುತ್ತಾರೆ? ಆದರೂ ಮಾಡಿದ್ದಾನೆ. ‘ಕಸೂತಿ ಹಾಕಿದರೆ ಹಿಂದಿನ ಬದಿ ತಿರುಗಿಸಿ ನೋಡ್ಬೇಕು, ಆಗ ಗೊತ್ತಾಗ್ತದೆ ಹುಡುಗಿಯ ಕೈ’ ಎಂದು ಅಮ್ಮ ನನಗೆ ಚಿಕ್ಕಂದಿನಲ್ಲಿ ಹೇಳುತ್ತಿದ್ದ ಮಾತನ್ನೇ ಆಗಲೂ ಹೇಳಿದರು. ಒಂದು ಸಾವಿರ ವರ್ಷದ ಹಿಂದಿನ ಕಂಚುಗಾರನಿಗೆ ನನ್ನ ಅಮ್ಮನಿಂದ ಸಿಕ್ಕಿದ ಶಿಫಾರಸು ಅದು. ಕಲೆಯ ಬಗ್ಗೆ ಆಮೇಲೆ ನಾನು ಓದಿದ ಯಾವ ಪುಸ್ತಕವೂ ಇಷ್ಟು ನೇರವಾಗಿ ಹೇಳಿಲ್ಲ.

ಅಲ್ಲಿಂದ ಪ್ರಾಣಿಗಳ ಕಟ್ಟಡಕ್ಕೆ. ಆನೆಯ ಅಸ್ಥಿಪಂಜರವನ್ನು ನೋಡಿ ‘ಮಾಂಸ ಹೋದ ಮೇಲೆ ಎಲ್ಲರೂ ಒಂದೇ’ ಎಂದರು. ಮುಂದೆ ತಿಮಿಂಗಿಲ. ಅರುವತ್ತು ಅಡಿಗೂ ಹೆಚ್ಚು ಉದ್ದದ ಮೂಳೆಗಳ ಸಾಲು. ಒಂದು ಬದಿಯಿಂದ ಇನ್ನೊಂದು ಬದಿಗೆ ನಡೆದರೆ ಹೆಜ್ಜೆ ಎಣಿಸಬೇಕಾಗುತ್ತದೆ. ಇದನ್ನು ಅಮ್ಮನಿಗೆ ತೋರಿಸಬೇಕೆಂದು ನನಗೆ ಬಹಳ ಆಸೆಯಿತ್ತು. ಯಾಕೆಂದರೆ ಅದು ನಮ್ಮೂರಿನದು. 1874ರಲ್ಲಿ ಮಂಗಳೂರಿನ ಸಮುದ್ರದಂಡೆಗೆ ಬಂದು ಬಿದ್ದ ತಿಮಿಂಗಿಲ ಅದು. ಆಗ ನಮ್ಮ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದಲ್ಲಿತ್ತು. 1956ರವರೆಗೂ ಹಾಗೇ ಇತ್ತು. ಹಾಗಾಗಿ ನಮ್ಮ ಕಡಲಿನಲ್ಲಿ ಸಿಕ್ಕಿದ ದೊಡ್ಡ ಜೀವ ಮದರಾಸಿನ ಪಾಲಾಯಿತು. ಅದು ದಡಕ್ಕೆ ಬಿದ್ದ ಕಾಲಕ್ಕೆ ಮಂಗಳೂರಿಗೆ ರೈಲು ಕೂಡ ಇರಲಿಲ್ಲ, ಬಂದದ್ದು 1907ರಲ್ಲಿ.

‘ನಮ್ಮ ಊರಿನದ್ದಾ? ನಿನ್ನ ಹಾಗೇ ಇಲ್ಲಿಗೆ ಬಂತಾ ಇದು?’ ಎಂದರು ಅಮ್ಮ. ಆಮೇಲೆ, ‘ಎಷ್ಟು ದೊಡ್ಡ ಮೀನು!’

‘ಮೀನಲ್ಲ ಅಮ್ಮ. ಇದು ಮರಿ ಹಾಕ್ತದೆ, ಹಾಲು ಕುಡಿಸ್ತದೆ.’

‘ನೀರಿನೊಳಗೆ ಹಾಲು ಕುಡಿಸ್ತದಾ? ಮಗುವಿಗೆ ಉಸಿರು ಕಟ್ಟುದಿಲ್ವಾ?’

ಇಷ್ಟು ಒಳ್ಳೆಯ ಪ್ರಶ್ನೆಯನ್ನು ಅಲ್ಲಿಗೆ ಬಂದ ಯಾವ ಶಾಲೆಯ ಮಕ್ಕಳೂ ಕೇಳಿದ್ದನ್ನು ನಾನು ಕಂಡಿಲ್ಲ. ನನಗೆ ತಿಳಿದಷ್ಟು ಹೇಳಿದೆ. ಮರಿ ಸ್ವಲ್ಪ ಹೊತ್ತು ಮುಳುಗಿ ಕುಡಿಯುತ್ತದೆ, ಮೇಲೆ ಬಂದು ಉಸಿರೆಳೆದುಕೊಳ್ಳುತ್ತದೆ, ಮತ್ತೆ ಮುಳುಗುತ್ತದೆ. ಹಾಲು ನಮ್ಮ ಎಮ್ಮೆಯ ಹಾಲಿಗಿಂತ ಎಷ್ಟೋ ಪಾಲು ಗಟ್ಟಿ, ಅಷ್ಟು ಕೊಬ್ಬಿನದು. ಅದಕ್ಕೇ ನೀರಿನಲ್ಲಿ ಸುಲಭಕ್ಕೆ ಕದಡಿ ಹೋಗುವುದಿಲ್ಲ. ಈ ಜಾತಿಯ ತಿಮಿಂಗಿಲದ ಮರಿ ಆರೇಳು ತಿಂಗಳು ತಾಯಿಯ ಹಾಲು ಕುಡಿಯುತ್ತದೆ. ಇವುಗಳಲ್ಲಿ ಗಂಡಿಗಿಂತ ಹೆಣ್ಣೇ ದೊಡ್ಡದು. ಅದರ ಈಜುರೆಕ್ಕೆಯೊಳಗೆ ಇರುವುದು ನಮ್ಮ ತೋಳು, ಮಣಿಕಟ್ಟು, ಬೆರಳುಗಳಂಥದೇ ಮೂಳೆಗಳು. ಕೋಟ್ಯಂತರ ವರ್ಷಗಳ ಹಿಂದೆ ನೆಲದ ಮೇಲೆ ಓಡಾಡುತ್ತಿದ್ದ ಪ್ರಾಣಿಯ ಸಂತಾನ ಇದು, ಆಮೇಲೆ ನೀರಿಗಿಳಿದದ್ದು. ಅಮ್ಮ ತಮ್ಮ ಬಲಗೈಯನ್ನು ಮುಂದೆ ಚಾಚಿ ನೋಡಿಕೊಂಡರು. ಬಟ್ಟೆ ಒಗೆದು, ಕಾಯಿ ತುರಿದು, ಹುಲ್ಲು ಕೊಯ್ದು ಗಂಟುಕಟ್ಟಿದ ಬೆರಳುಗಳು. ಕೈಯನ್ನೊಮ್ಮೆ, ಮೂಳೆಗಳನ್ನೊಮ್ಮೆ ನೋಡುತ್ತ ಬಹಳ ಹೊತ್ತು ನಿಂತರು. ‘ಹೆಣ್ಣಾ, ಗಂಡಾ ಇದು?’ ಎಂದು ಮೆಲ್ಲನೆ ಕೇಳಿದರು. ನಾನು ಉತ್ತರಿಸುವ ಮೊದಲೇ, ‘ಹೆ‌ಣ್ಣೇ ಇರ್ಬೇಕು, ಇಷ್ಟು ದೂರ ಬಂದಿದೆ’ ಎಂದು ತಾವೇ ತೀರ್ಮಾನ ಕೊಟ್ಟರು.

ಹೊರಗೆ ಮರದ ನೆರಳಿನಲ್ಲಿ ಕೂತಾಗ ನಾನು ಗಂಟೆ ನೋಡಿದೆ. ಮೂರು ತಾಸು ದಾಟಿತ್ತು. ಅಮ್ಮನಿಗೆ ಸುಸ್ತಾಯಿತೇನೋ ಎಂದು ಕೇಳಿದೆ. ಅಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ, ‘ಇಷ್ಟು ಹೊತ್ತು ಒಬ್ಬರೂ ನನ್ನನ್ನು ಕರೆಯಲಿಲ್ಲ ನೋಡು’ ಎಂದರು.

ದೂರಿನ ದನಿಯಲ್ಲ, ಆಶ್ಚರ್ಯದ ದನಿ. ಆಳು ಕರೆಯಲಿಲ್ಲ, ಕರು ಕೂಗಲಿಲ್ಲ, ಮಾವ ಕೆಮ್ಮಲಿಲ್ಲ, ಮಕ್ಕಳು ಹಸಿವು ಎನ್ನಲಿಲ್ಲ. ಒಂದು ಇಡೀ ಮಧ್ಯಾಹ್ನ ಅವರ ಕಣ್ಣು ಅವರದೇ ಆಗಿತ್ತು. ಕಣ್ಣಿನ ಪೊರೆಯನ್ನು ಡಾಕ್ಟರು ಇಪ್ಪತ್ತು ನಿಮಿಷದಲ್ಲಿ ತೆಗೆದಿದ್ದರು. ಆ ಕಣ್ಣನ್ನು ತನಗಾಗಿ ಬಳಸಬಹುದು ಎಂದು ಅಮ್ಮನಿಗೆ ಯಾರೂ ಹೇಳಿರಲಿಲ್ಲ, ಹೇಳಿದರೂ ಮನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಸಾರ್ವಜನಿಕ ಎಂಬ ಶಬ್ದವನ್ನು ನಾವು ಬೋರ್ಡುಗಳ ಮೇಲೆ ಓದುತ್ತಲೇ ಇರುತ್ತೇವೆ. ಆ ಸಾರ್ವಜನಿಕರಲ್ಲಿ ಅಮ್ಮನಂಥವರೂ ಸೇರಿದ್ದಾರೆ ಎಂಬುದು ನನಗೆ ಮನದಟ್ಟಾದದ್ದು ಆ ಮರದ ಕೆಳಗೆ. ಅಲ್ಲಿಯ ಹುಲಿ, ದೇವಿ, ತಿಮಿಂಗಿಲ ಎಲ್ಲವೂ ಅವರವು ಕೂಡ. ದುಡ್ಡು, ಓದು, ಇಂಗ್ಲಿಷ್ ಯಾವುದೂ ಬೇಡ. ಕಣ್ಣು ಸಾಕು, ಬಿಡುವು ಬೇಕು. ಕಷ್ಟ ಇರುವುದು ಎರಡನೆಯದರಲ್ಲಿ.

ನಮ್ಮ ಊರುಗಳಲ್ಲೂ ಮ್ಯೂಸಿಯಂ ಇಲ್ಲವೆಂದಲ್ಲ. ಮಂಗಳೂರಿನ ಬಿಜೈಯಲ್ಲಿ ಹಡಗಿನ ಆಕಾರದ ಒಂದು ಮನೆಯಿದೆ. ಕರ್ನಲ್ ಮಿರಾಜ್ಕರ್ ಎಂಬ ವೈದ್ಯರು ತಮ್ಮ ಆ ಮನೆಯನ್ನು ತಾಯಿಯ ನೆನಪಿಗೆ ಸರಕಾರಕ್ಕೆ ಕೊಟ್ಟರು. 1960ರಲ್ಲಿ ಅದು ಶ್ರೀಮಂತಿ ಬಾಯಿ ಸ್ಮಾರಕ ಮ್ಯೂಸಿಯಂ ಆಯಿತು. ಮೈಸೂರಿನಲ್ಲಿ ಕಾರಂಜಿ ಕೆರೆಯ ಪಕ್ಕದಲ್ಲಿ 1995ರಲ್ಲಿ ಪ್ರಾಕೃತಿಕ ಇತಿಹಾಸದ ಮ್ಯೂಸಿಯಂ ಶುರುವಾಯಿತು. ಇಂಥ ಕಡೆಗೆಲ್ಲ ನಾವು ಹೋಗುವುದು ಯಾವಾಗ? ಊರಿನಿಂದ ನೆಂಟರು ಬಂದಾಗ, ಮಕ್ಕಳಿಗೆ ರಜೆ ಸಿಕ್ಕಿದಾಗ. ಹೋದರೂ ನಮ್ಮ ಕಣ್ಣು ಮಕ್ಕಳ ಮೇಲೆ, ಊಟದ ಬುತ್ತಿಯ ಮೇಲೆ, ಹಿಂತಿರುಗುವ ಬಸ್ಸಿನ ಮೇಲೆ. ‘ಮುಟ್ಟಬೇಡ, ಓಡಬೇಡ, ಬೇಗ ಬಾ’ ಎನ್ನುವುದರಲ್ಲಿ ನಮ್ಮ ಮ್ಯೂಸಿಯಂ ಮುಗಿಯುತ್ತದೆ. ಒಬ್ಬಳೇ ಹೋಗಿ ನೋಡುವುದು ಬೇರೆಯೇ ಒಂದು ಸಂಗತಿ. ಎಲ್ಲವನ್ನೂ ನೋಡಬೇಕೆಂದೂ ಇಲ್ಲ. ಒಂದೇ ಕಲ್ಲು, ಒಂದೇ ಹಕ್ಕಿ ಸಾಕು. ಅದರ ಬೆನ್ನಿನ ಕಡೆಗೂ ಒಮ್ಮೆ ಹೋಗಿ ಬಂದರೆ ಆಯಿತು.

ಅಮ್ಮ ಊರಿಗೆ ಹೋದ ಮೇಲೆ ತಿಮಿಂಗಿಲದ ಕಥೆ ಸುತ್ತಲಿನ ನಾಲ್ಕು ಮನೆಗಳಲ್ಲಿ ಹಬ್ಬಿತು. ಮುಂದಿನ ಸಲ ನಾನು ಹೋದಾಗ ಅದು ನೂರು ಅಡಿಯಾಗಿತ್ತು. ಕೆಲಸಕ್ಕೆ ಬರುವ ಹುಡುಗಿ ನನ್ನನ್ನು ಅಂಗಳದಲ್ಲಿ ತಡೆದು, ಅಷ್ಟು ದೊಡ್ಡ ಪ್ರಾಣಿ ನೀರಿನೊಳಗೆ ಮರಿಗೆ ಹಾಲು ಕೊಡುವುದು ನಿಜವೇ ಎಂದು ಕೇಳಿದಳು. ನಿಜ ಎಂದೆ. ‘ಅಕ್ಕ, ಹೆಂಗಸರು ಮಾತ್ರ ಹೋದರೆ ಒಳಗೆ ಬಿಡ್ತಾರಾ?’ ಎಂದು ಕೇಳಿದಳು. ಬಿಡುತ್ತಾರೆ ಎಂದೆ. ಅವಳು ಪೊರಕೆಯನ್ನು ಗೋಡೆಗೆ ಒರಗಿಸಿ, ಚೆನ್ನೈಗೆ ಟಿಕೆಟ್ಟಿಗೆ ಎಷ್ಟಾಗುತ್ತದೆ ಎಂದು ವಿಚಾರಿಸಿದಳು.